ಮೊದಲು ಮರ ನೋಡಿ, ಆಮೇಲೆ ಸ್ಟ್ಯಾಂಡ್ ಕೊಳ್ಳಿ

ಪ್ರಶ್ನೆ: ನಾನು ಮೂಲತಃ ತೀರ್ಥಹಳ್ಳಿ ಕಡೆಯವನು, ಹನ್ನೆರಡು ವರ್ಷಗಳಿಂದ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದೇನೆ. ಬೇಟೆ ಸುರಕ್ಷತಾ ತರಬೇತಿ ಮುಗಿಸಿ ಪರವಾನಗಿ ಪಡೆದು, ಎರಡು ವರ್ಷಗಳಿಂದ ಮ್ಯಾನಿಸ್ಟೀ ರಾಷ್ಟ್ರೀಯ ಅರಣ್ಯದಲ್ಲಿ ತುದಿಗಳಲ್ಲಿ ಚಕ್ರಗಳಿರುವ ಕಾಂಪೌಂಡ್ ಬಿಲ್ಲು ಹಿಡಿದು ನೆಲದ ಮೇಲೆಯೇ ಕುಳಿತು ಬಿಳಿಬಾಲದ ಜಿಂಕೆಗೆ ಕಾದಿದ್ದೇನೆ. ಈ ಸಲ ಮರವೇರುವ ಕ್ಲೈಂಬಿಂಗ್ ಸ್ಟ್ಯಾಂಡ್ ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲಿ ಮುಂದೆ ಅಡ್ಡಪಟ್ಟಿ ಇರುವುದೂ ಇದೆ, ಮುಂಭಾಗ ತೆರೆದಿರುವುದೂ ಇದೆ. ಪರಿಚಿತರೊಬ್ಬರು ಹತ್ತು ವರ್ಷ ಬಳಸಿದ ಉಕ್ಕಿನ ಸ್ಟ್ಯಾಂಡನ್ನು ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ನನ್ನ ತೂಕ 92 ಕಿಲೋ, ವಯಸ್ಸು 46. ಯಾವುದು ಸೂಕ್ತ?

ಉತ್ತರ: ತೆಂಗಿನ ಮರ ಹತ್ತುವ ಯಂತ್ರಗಳಲ್ಲಿ ಕುಳಿತು ಏರುವ ಮಾದರಿಯೊಂದಿದೆ, ಊರಿನಲ್ಲಿ ಅದನ್ನು ನೀವು ನೋಡಿದ್ದರೆ ಕ್ಲೈಂಬಿಂಗ್ ಸ್ಟ್ಯಾಂಡಿನ ತತ್ತ್ವವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಮೇಲೊಂದು ಆಸನದ ಚೌಕಟ್ಟು, ಕೆಳಗೊಂದು ಕಾಲಿಡುವ ಚೌಕಟ್ಟು, ಎರಡಕ್ಕೂ ಮರವನ್ನು ಸುತ್ತಿಕೊಂಡು ಬರುವ ಒಂದೊಂದು ಕೇಬಲ್. ಕುಳಿತಾಗ ಭಾರವೆಲ್ಲ ಆಸನದ ಮೇಲೆ ಬೀಳುವುದರಿಂದ ಕೆಳಗಿನ ಚೌಕಟ್ಟನ್ನು ಪಾದಗಳಿಂದ ಎತ್ತಬಹುದು. ನಿಂತಾಗ ಮೇಲಿನದನ್ನು ಕೈಗಳಿಂದ ಮೇಲಕ್ಕೆ ಸರಿಸಬಹುದು. ಆದರೆ ತೆಂಗಿನಕಾಯಿ ಕೀಳುವವರು ಕೆಲಸ ಮುಗಿದೊಡನೆ ಇಳಿದುಬಿಡುತ್ತಾರೆ. ನೀವು ಅದೇ ಚೌಕಟ್ಟಿನ ಮೇಲೆ ಮೂರು ನಾಲ್ಕು ಗಂಟೆ ಅಲುಗಾಡದೆ ಕುಳಿತು, ಕೊನೆಗೆ ಮೈ ತಿರುಗಿಸಿ ಬಿಲ್ಲನ್ನು ಪೂರ್ತಿ ಸೆಳೆಯಬೇಕು. ಆದ್ದರಿಂದ ಮರವನ್ನು ಕಚ್ಚಿ ಹಿಡಿಯುವ ಶಕ್ತಿಯೊಂದನ್ನೇ ನೋಡಿ ಸ್ಟ್ಯಾಂಡನ್ನು ಅಳೆಯಲಾಗದು.

ಕ್ಲೈಂಬಿಂಗ್ ಸ್ಟ್ಯಾಂಡಿಗೆ ಬೇಕಾದದ್ದು ನೇರವಾದ, ಕೆಳಭಾಗದಲ್ಲಿ ಕೊಂಬೆಗಳಿಲ್ಲದ, ಜೀವಂತ ಮರ. ಬಹುತೇಕ ಮಾದರಿಗಳು ಸುಮಾರು 8ರಿಂದ 20 ಅಂಗುಲ ವ್ಯಾಸದ ಕಾಂಡಕ್ಕೆ ಹೊಂದುತ್ತವೆ, ಅಂದರೆ ಸುತ್ತಳತೆಯಲ್ಲಿ ಸರಿಸುಮಾರು 64ರಿಂದ 160 ಸೆಂಟಿಮೀಟರ್. ಸ್ಟ್ಯಾಂಡ್ ಕೊಳ್ಳುವ ಮೊದಲು ಅಳತೆಪಟ್ಟಿಯೊಂದನ್ನು ಜೇಬಿಗೆ ಹಾಕಿಕೊಂಡು ನೀವು ಕೂರುವ ಜಾಗಕ್ಕೆ ಹೋಗಿ ಬನ್ನಿ. ನಿಮ್ಮ ಅರಣ್ಯದ ಭಾಗದಲ್ಲಿ 1930ರ ದಶಕದಲ್ಲಿ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂಬ ಸರ್ಕಾರಿ ಉದ್ಯೋಗ ಯೋಜನೆಯ ಯುವಕರು ಸಾಲುಸಾಲಾಗಿ ನೆಟ್ಟ ಕೆಂಪು ಪೈನ್ ತೋಪುಗಳಿವೆ. ಅಂಟು ಕೈಗೂ ಬಟ್ಟೆಗೂ ಮೆತ್ತಿಕೊಳ್ಳುತ್ತದೆ ಎಂಬುದನ್ನು ಬಿಟ್ಟರೆ ಸ್ಟ್ಯಾಂಡಿಗೆ ಅವು ಹೇಳಿ ಮಾಡಿಸಿದ ಕಂಬಗಳು. ನೇರವಾಗಿ ಬೆಳೆದ ಆಸ್ಪೆನ್ ಕೂಡ ಒಳ್ಳೆಯದೇ. ಜಿಂಕೆಗೆ ಪ್ರಿಯವಾದದ್ದು ಓಕ್ ಮರದ ಕಾಯಿ. ಆದರೆ ಹೊರಚಾಚಿದ ಕೊಂಬೆಗಳ ಓಕ್ ನಿಮ್ಮನ್ನು ಹತ್ತಡಿಗಿಂತ ಮೇಲೆ ಬಿಡದಿರಬಹುದು. ಹಾಗಾಗಿ ಓಕ್ ಗುಂಪಿನ ಅಂಚಿನಲ್ಲಿರುವ ಪೈನ್ ಅಥವಾ ಆಸ್ಪೆನ್ ಹುಡುಕುವುದು ಜಾಣತನ. ತೊಗಟೆ ಹಲಗೆಹಲಗೆಯಾಗಿ ಸುಲಿದು ನಿಲ್ಲುವ ಶ್ಯಾಗ್‌ಬಾರ್ಕ್ ಹಿಕರಿಯನ್ನು ಹತ್ತಲೇಬೇಡಿ, ಅಲ್ಲಿ ಚೌಕಟ್ಟಿನ ಹಲ್ಲು ಕಚ್ಚಿದ್ದು ಮರವನ್ನಲ್ಲ, ಕಳಚಲು ಕಾದಿರುವ ತೊಗಟೆಯನ್ನು. ನಯವಾದ ತೊಗಟೆಯ ಬೀಚ್ ಮರವು ಮಳೆ ಅಥವಾ ಹಿಮದ ಲೇಪ ಬಿದ್ದ ದಿನ ಜಾರುತ್ತದೆ. ನಿಮ್ಮ ಜಾಗದಲ್ಲಿ ಕವಲೊಡೆದ ಮರಗಳೇ ಇವೆ ಎಂದಾದರೆ ಕ್ಲೈಂಬಿಂಗ್ ಸ್ಟ್ಯಾಂಡನ್ನೇ ಬಿಟ್ಟು, ಏಣಿಕೋಲುಗಳನ್ನು ಕಟ್ಟಿ ಮೇಲೆ ತೂಗುಹಾಕುವ ಮಾದರಿಯನ್ನು ನೋಡುವುದು ಒಳ್ಳೆಯದು. ಸಾರ್ವಜನಿಕ ಅರಣ್ಯದಲ್ಲಿ ಕೊಂಬೆ ಸವರಿ ದಾರಿ ಮಾಡಿಕೊಳ್ಳುವ ಹಾಗಿಲ್ಲ.

ಹೊಸಬರು ಎಡವುವುದು ಇನ್ನೊಂದು ಕಡೆ. ಮರ ಮೇಲೆ ಹೋದಂತೆ ಸಪೂರವಾಗುತ್ತದೆ. ಚೌಕಟ್ಟು ನಿಂತಿರುವುದು ಮರದ ಈಚೆಗೆ ಒತ್ತಿದ ಹಲ್ಲುಗಳು ಮತ್ತು ಆಚೆಗೆ ಎಳೆದು ಹಿಡಿದ ಕೇಬಲ್, ಇವೆರಡರ ನಡುವಿನ ಸೆಳೆತದಿಂದ. ಕಾಂಡ ತೆಳುವಾದಷ್ಟೂ ಹೊರ ಅಂಚು ಕೆಳಗೆ ಬಾಗುತ್ತದೆ. ನೆಲದಲ್ಲಿ ಸಮತಟ್ಟಾಗಿ ಕಟ್ಟಿದ ಕಾಲ್ಚೌಕ ಇಪ್ಪತ್ತು ಅಡಿ ಎತ್ತರದಲ್ಲಿ ಇಳಿಜಾರು ಮನೆಯ ಹಂಚಿನಂತಾಗಿರುತ್ತದೆ. ಆದ್ದರಿಂದ ಬುಡದಲ್ಲಿ ಹೊರ ಅಂಚು ಮೇಲಕ್ಕೆದ್ದಿರುವಂತೆ ಕಟ್ಟಬೇಕು. ಎಷ್ಟು ಎಂಬುದು ಮರದ ಮೇಲೆ, ಮಾದರಿಯ ಮೇಲೆ ನಿಂತಿದ್ದು, ಕೈಪಿಡಿಯಲ್ಲಿ ಸೂಚನೆ ಇರುತ್ತದೆ. ಲೆಕ್ಕ ತಪ್ಪಿತೆಂದರೆ ಪೂರ್ತಿ ಇಳಿದು ಮತ್ತೆ ಕಟ್ಟಿಕೊಳ್ಳಿ, ಮೇಲೆಯೇ ಕೇಬಲ್ಲಿನ ಪಿನ್ ಕಳಚುವ ಸಾಹಸ ಬೇಡ. ಕೂತಲ್ಲಿಂದಲೇ ಮಟ್ಟ ಸರಿಪಡಿಸುವ ಏರ್ಪಾಡಿರುವ ಮಾದರಿಗಳೂ ಇವೆ. ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟರೆ ದಂಡವಲ್ಲ.

ಈಗ ಅಡ್ಡಪಟ್ಟಿಯ ವಿಚಾರ. ಮುಂದೆ ಪಟ್ಟಿಯಿರುವ ಸ್ಟ್ಯಾಂಡ್ ಬಂದೂಕಿನವರಿಗೆ ಅನುಕೂಲ, ನಳಿಗೆಯನ್ನು ಅದರ ಮೇಲೆ ಊರಬಹುದು. ಏರುವಾಗಲೂ ಅದರ ಮೇಲೆ ಕೂತು ಏರಬಹುದಾದ್ದರಿಂದ ತೋಳಿಗೆ ಶ್ರಮ ಕಡಿಮೆ. ಬಿಲ್ಲಿನವರಿಗೆ ಅದೇ ಪಟ್ಟಿ ಅಡ್ಡಿ: ಕುಳಿತು ಕೆಳಮುಖವಾಗಿ ಗುರಿ ಹಿಡಿದಾಗ ಬಿಲ್ಲಿನ ಕೆಳತುದಿಯ ಚಕ್ರ ಅದಕ್ಕೆ ತಗಲುತ್ತದೆ, ಬಾಣ ಬಿಟ್ಟ ಕ್ಷಣ ತಗಲಿದರೆ ಗುರಿಯೂ ಹೋಯಿತು, ಬಿಲ್ಲೂ ಹೋಗಬಹುದು. ಮುಂಭಾಗ ತೆರೆದ ಮಾದರಿಯಲ್ಲಿ ಈ ತೊಂದರೆಯಿಲ್ಲ. ಅವುಗಳಲ್ಲಿ ಕೆಲವಕ್ಕೆ ಆಸನವನ್ನು ಹಿಂದಕ್ಕೆ ಮಡಚಿ ಮರಕ್ಕೆ ಬೆನ್ನು ಕೊಟ್ಟು ನಿಲ್ಲುವ ಅನುಕೂಲವೂ ಇದೆ. ಆದರೆ ಅದನ್ನು ಏರುವಾಗ ಮೈಭಾರವನ್ನು ತೋಳು ಭುಜಗಳೇ ಹೊರಬೇಕು. ನನ್ನ ಅಭಿಪ್ರಾಯ ತೆರೆದ ಮಾದರಿಯ ಕಡೆಗಿದೆ, ಒಂದು ಷರತ್ತಿನ ಮೇಲೆ: ನಿಮ್ಮ ಭುಜ ಗಟ್ಟಿಯಾಗಿರಬೇಕು. ದಪ್ಪ ಬೂಟು ಹಾಕಿಕೊಂಡು ಅಂಗಡಿಗೆ ಹೋಗಿ, ಅಲ್ಲಿ ಪ್ರದರ್ಶನದ ಕಂಬವಿದ್ದರೆ ನಾಲ್ಕು ಹೆಜ್ಜೆ ಏರಿ ಇಳಿಯಿರಿ. ಏದುಸಿರು ಬಂದರೆ, ಏರಿದ ಮೇಲೆ ಪಟ್ಟಿಯನ್ನು ಪಕ್ಕಕ್ಕೆ ಸರಿಸಬಹುದಾದ ಮಾದರಿಗೆ ಹೋಗಿ.

ತೂಕದ ಮಿತಿಯೆಂದರೆ ನಿಮ್ಮ ದೇಹದ ತೂಕ ಮಾತ್ರವಲ್ಲ. 92 ಕಿಲೋಗೆ ನವೆಂಬರಿನ ಚಳಿಯ ಬಟ್ಟೆ, ಬೂಟು, ಬತ್ತಳಿಕೆ ಸಹಿತ ಬಿಲ್ಲು, ಬೆನ್ನುಚೀಲ ಸೇರಿಸಿದರೆ 105 ಕಿಲೋ ಸುಲಭವಾಗಿ ಆಗುತ್ತದೆ, ಅಲ್ಲಿಯ ಲೆಕ್ಕದಲ್ಲಿ ಸುಮಾರು 230 ಪೌಂಡ್. 300 ಪೌಂಡ್ ಎಂದು ನಮೂದಿಸಿದ ಸ್ಟ್ಯಾಂಡ್ ನಿಮಗೆ ಸಾಕು, ಅದಕ್ಕಿಂತ ಕಡಿಮೆಯದು ಬೇಡ. ಸ್ಟ್ಯಾಂಡಿನ ಸ್ವಂತ ತೂಕ ಅಲ್ಯೂಮಿನಿಯಮ್ ಆದರೆ 8ರಿಂದ 10 ಕಿಲೋ, ಉಕ್ಕಿನದು 13 ಕಿಲೋ ದಾಟುವುದುಂಟು. ವಾಹನ ನಿಲ್ಲಿಸಿದಲ್ಲಿಂದ ಒಂದು ಮೈಲಿ ಕತ್ತಲಲ್ಲಿ ಹೊತ್ತು, ಬೆವರಿ, ಆ ಬೆವರಿನ ವಾಸನೆಯೊಂದಿಗೇ ಮರವೇರಿದರೆ ಜಿಂಕೆಯ ಮೂಗಿಗೆ ನೀವೇ ಸುದ್ದಿ ಕಳುಹಿಸಿದಂತೆ.

ಪರಿಚಿತರ ಹಳೆಯ ಸ್ಟ್ಯಾಂಡನ್ನು ನಯವಾಗಿ ಬೇಡವೆನ್ನಿ. ಪ್ಲಾಸ್ಟಿಕ್ ಹೊದಿಕೆಯೊಳಗೆ ಕೇಬಲ್ ತುಕ್ಕು ಹಿಡಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ, ಬೆಸುಗೆಯ ಕೂದಲೆಳೆ ಬಿರುಕೂ ಹಾಗೆಯೇ, ಬಿಸಿಲಲ್ಲಿ ಬಿದ್ದಿದ್ದ ನೈಲಾನ್ ಪಟ್ಟಿಗಂತೂ ಆಯಸ್ಸೇ ಇರುವುದಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಮರವೇರುವ ಸ್ಟ್ಯಾಂಡ್‌ಗಳನ್ನು ಮಾರುಕಟ್ಟೆಯಿಂದ ಹಿಂಪಡೆಯುವ ಪ್ರಕಟಣೆಗಳನ್ನು ಹಲವು ಬಾರಿ ಹೊರಡಿಸಿದೆ. ಯಾವುದನ್ನು ಕೊಂಡರೂ ಮಾದರಿಯ ಹೆಸರನ್ನು ಆಯೋಗದ ಪಟ್ಟಿಯಲ್ಲೊಮ್ಮೆ ಹುಡುಕಿ. ಹೊಸದನ್ನು ಕೊಳ್ಳುವಾಗ ಟ್ರೀ ಸ್ಟ್ಯಾಂಡ್ ತಯಾರಕರ ಸಂಘದ ಮಾನದಂಡಕ್ಕೆ ಒಳಪಟ್ಟಿದೆಯೇ ಎಂದು ನೋಡಿ.

ನೀವು ಕೇಳದೆ ಬಿಟ್ಟ ವಸ್ತುವೊಂದಿದೆ, ಅದು ಹಾರ್ನೆಸ್, ಅಂದರೆ ಜಾರಿದಾಗ ಮೈಯನ್ನು ಹಿಡಿದು ನಿಲ್ಲಿಸುವ ಪಟ್ಟಿಗಳ ಕವಚ. ಸ್ಟ್ಯಾಂಡಿನ ಪೆಟ್ಟಿಗೆಯಲ್ಲೇ ಒಂದು ಬರುತ್ತದೆ, ಆದರೆ ದಪ್ಪ ಕೋಟಿನ ಮೇಲೆ ಕತ್ತಲಲ್ಲಿ ತೊಡಲು ಅದು ತೊಡಕಿನದಾದರೆ ನೀವು ಒಂದು ದಿನ ತೊಡದೆ ಹೋಗುತ್ತೀರಿ. ಆ ಒಂದು ದಿನಕ್ಕಾಗಿಯೇ ಬೇರೆ ಒಳ್ಳೆಯದನ್ನು ಕೊಳ್ಳಿ. ತೊಡೆ, ಸೊಂಟ, ಭುಜ ಮೂರನ್ನೂ ಹಿಡಿಯುವ ಪೂರ್ಣದೇಹದ ಹಾರ್ನೆಸ್ ಮಾತ್ರ ಸರಿ. ಬರೀ ಸೊಂಟಪಟ್ಟಿ ಬಿದ್ದಾಗ ಉಸಿರನ್ನೇ ಕಟ್ಟಿಸಬಹುದು. ನೆಲದಲ್ಲೇ ಮರಕ್ಕೆ ಸುತ್ತಿದ ಪಟ್ಟಿಗೆ ಹಾರ್ನೆಸಿನ ಕೊಕ್ಕೆ ಹಾಕಿ, ಪ್ರತಿ ಹೆಜ್ಜೆಗೂ ಅದನ್ನು ಮೇಲಕ್ಕೆ ಸರಿಸುತ್ತ ಏರಿ, ಇಳಿದು ನೆಲ ಮುಟ್ಟುವವರೆಗೂ ಕಳಚಬೇಡಿ. ಕುಳಿತಾಗ ಹಾರ್ನೆಸಿನ ಹಗ್ಗ ತಲೆಯ ಮೇಲಿಂದ ಸಡಿಲವಿಲ್ಲದೆ ಬಂದಿರಬೇಕು. ಬಿದ್ದು ಅಲುಗಾಡದೆ ನೇತಾಡಿದರೆ ತೊಡೆಯ ಪಟ್ಟಿಗಳು ರಕ್ತ ಮೇಲೇರದಂತೆ ತಡೆದು ಪ್ರಾಣಕ್ಕೇ ಸಂಚಕಾರ ತರಬಲ್ಲವು. ಅದಕ್ಕೆಂದೇ ಕಾಲೂರಿ ನಿಲ್ಲಲು ಒಂದು ಕುಣಿಕೆ ಕೊಟ್ಟಿರುತ್ತಾರೆ, ಅದು ಕೈಗೆಟಕುವ ಜೇಬಿನಲ್ಲಿರಲಿ. ಮೇಲಿನ ಮತ್ತು ಕೆಳಗಿನ ಚೌಕಟ್ಟುಗಳನ್ನು ಜೋಡಿಸುವ ಹಗ್ಗವನ್ನೂ ಮರೆಯಬೇಡಿ. ಅದಿಲ್ಲದೆ ಕಾಲ್ಚೌಕ ಕಳಚಿ ಬುಡಕ್ಕೆ ಜಾರಿದರೆ ನೀವು ಆಸನದಲ್ಲಿ ಕಾಲು ಇಳಿಬಿಟ್ಟು ಯಾರಾದರೂ ಬರುವವರೆಗೆ ಕೂತಿರಬೇಕಾಗುತ್ತದೆ.

ಕಾನೂನಿನ ಮಾತು ಚಿಕ್ಕದು. ಮಿಷಿಗನ್‌ನ ಸಾರ್ವಜನಿಕ ಭೂಮಿಯಲ್ಲಿ ಮರಕ್ಕೆ ಮೊಳೆ, ತಿರುಪಿನ ಮೆಟ್ಟಿಲು ಬಳಸುವಂತಿಲ್ಲ. ಕ್ಲೈಂಬಿಂಗ್ ಸ್ಟ್ಯಾಂಡಿಗೆ ಅಡ್ಡಿಯಿಲ್ಲ, ಆದರೆ ನಿಮ್ಮ ಗುರುತು ಅದರ ಮೇಲೆ ಓದಲು ಬರುವಂತೆ ಇರಬೇಕು. ಬಿಲ್ಲಿನ ಋತು ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ. ನವೆಂಬರ್ 15ರಿಂದ 30ರವರೆಗಿನ ಬಂದೂಕಿನ ಋತುವಿನಲ್ಲಿ ಕಾಡಿಗೆ ಹೋದರೆ ಬಿಲ್ಲಿನವರೂ ಕಿತ್ತಳೆ ಬಣ್ಣದ ಉಡುಪು ತೊಡಲೇಬೇಕು. ಆ ವರ್ಷದ ನಿಯಮಪುಸ್ತಕವನ್ನು ಓದಿಯೇ ಹೊರಡಿ.

ಎತ್ತರಕ್ಕೆ ಆಸೆಪಡಬೇಡಿ. 6 ಮೀಟರ್ ಮೇಲಿಂದ 18 ಮೀಟರ್ ದೂರದ ಜಿಂಕೆಯನ್ನು ನೋಡಿದರೆ ಬಾಣದ ಇಳಿಕೋನ ಸುಮಾರು 18 ಡಿಗ್ರಿ, ಅದೇ ಜಿಂಕೆ 6 ಮೀಟರಿಗೆ ಬಂದರೆ 45 ಡಿಗ್ರಿ. ಕೋನ ಕಡಿದಾದಷ್ಟೂ ಎರಡೂ ಶ್ವಾಸಕೋಶಗಳನ್ನು ಹಾಯುವ ದಾರಿ ಕಿರಿದಾಗುತ್ತದೆ, ಗಾಯಗೊಂಡ ಪ್ರಾಣಿ ಕೈತಪ್ಪುವ ಸಂಭವ ಹೆಚ್ಚುತ್ತದೆ. ಬಲಗೈಯವರಾದರೆ ಜಿಂಕೆಯ ಹಾದಿ ನಿಮ್ಮ ಎಡಕ್ಕೆ ಬರುವಂತೆ ಮರದ ಮಗ್ಗುಲನ್ನು ಆರಿಸಿ. ಗುರಿ ಹಿಡಿಯುವಾಗ ತೋಳು ಇಳಿಸದೆ ಸೊಂಟದಿಂದ ಬಾಗಿ. ಬಿಲ್ಲನ್ನು ಕೈಯಲ್ಲಿ ಹಿಡಿದು ಏರಬಾರದು, ಬಾಣದ ಅಲಗುಗಳನ್ನು ಬತ್ತಳಿಕೆಯಲ್ಲಿ ಮುಚ್ಚಿ, ಕೂತು ಕೊಕ್ಕೆ ಭದ್ರಪಡಿಸಿಕೊಂಡ ಮೇಲೆ ಹಗ್ಗದಿಂದ ಸೇದಿಕೊಳ್ಳಿ. ಲೋಹಕ್ಕೆ ಲೋಹ ತಾಗುವ ಕಡೆಗಳಿಗೆ ಬಟ್ಟೆಪಟ್ಟಿ ಅಂಟಿಸಿದರೆ ಸದ್ದು ಅರ್ಧಕ್ಕಿಳಿಯುತ್ತದೆ.

ಆಗಸ್ಟ್ ತಿಂಗಳಲ್ಲೇ ಸ್ಟ್ಯಾಂಡ್ ತರಿಸಿಕೊಂಡು, ಹಗಲಿನಲ್ಲಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಮೊಣಕಾಲೆತ್ತರದಲ್ಲಿ ಹತ್ತಿಪ್ಪತ್ತು ಸಲ ಏರಿ ಇಳಿಯಿರಿ. ಆಮೇಲೆ ಚಳಿಯ ಕೋಟು, ಕೈಗವಸು ತೊಟ್ಟು, ತಲೆದೀಪದ ಬೆಳಕಿನಲ್ಲಿ ಮತ್ತೆ ಅದನ್ನೇ ಮಾಡಿ, ಇಳಿಯುವುದನ್ನು ವಿಶೇಷವಾಗಿ, ಏಕೆಂದರೆ ನವೆಂಬರಿನಲ್ಲಿ ನೀವು ಮರಗಟ್ಟಿದ ಬೆರಳುಗಳೊಂದಿಗೆ ಕತ್ತಲಾದ ಮೇಲೆಯೇ ಇಳಿಯುವವರು.