ಕೋಡ್ 'ಲೀನ್' ಅನ್ನುತ್ತೆ, ಪ್ಲಗ್ ಮಸಿ ಹಿಡಿದಿದೆ: ಯಾವುದನ್ನು ನಂಬೋದು?

ಪ್ರಶ್ನೆ: ಸರ್, ನನ್ನದು ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಸ್ಪೋರ್ಟ್ಸ್ ಕಾರು. ಟರ್ಬೊ ಇಲ್ಲ. ಹೆಡರ್ (ಸಿಲಿಂಡರ್‌ಗಳಿಂದ ಹೊಗೆ ಹೊರತರುವ ಪೈಪುಗಳ ಜೋಡಣೆ) ಬದಲಾಯಿಸಿ ಹಿಂದಿನ ಎಕ್ಸಾಸ್ಟ್ ಪೂರ್ತಿ ಹೊಸದು ಹಾಕಿಸಿದ್ದೇನೆ. ಏರ್ ಫಿಲ್ಟರ್ ಕೂಡ ಬೇರೆ, ಆದರೆ ಏರ್‌ಫ್ಲೋ ಸೆನ್ಸರ್ ಕೂರುವ ಕೊಳವೆ ಕಂಪನಿಯದ್ದೇ. ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ಎಂಜಿನ್ ಲೈಟ್ ಹತ್ತಿತು, ಸ್ಕ್ಯಾನ್ ಮಾಡಿದರೆ ಪಿ0171, ಅಂದರೆ 'ಸಿಸ್ಟಂ ಟೂ ಲೀನ್' (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ). ಮುಂದಿನ ಆಕ್ಸಿಜನ್ ಸೆನ್ಸರ್ ಬದಲಾಯಿಸಿದೆ, ಫ್ಯುಯೆಲ್ ಪಂಪ್ ಬದಲಾಯಿಸಿದೆ, ಇಂಜೆಕ್ಟರ್ ಕ್ಲೀನ್ ಮಾಡಿಸಿದೆ. ಕೋಡ್ ಅಳಿಸಿದರೆ ಒಂದೆರಡು ದಿನದಲ್ಲಿ ಮತ್ತೆ ಹಾಜರು. ವಿಚಿತ್ರ ಏನಂದ್ರೆ ನಾಲ್ಕೂ ಪ್ಲಗ್ ಮಸಿ ಹಿಡಿದು ಕಪ್ಪಗಿವೆ, ಮೈಲೇಜ್ ಬಿದ್ದಿದೆ, ಕಾರಿನ ಹಿಂದೆ ನಿಂತರೆ ಪೆಟ್ರೋಲ್ ವಾಸನೆ. ಸ್ಕ್ಯಾನರ್‌ನ ಅಂಕಿ ಹೀಗಿದೆ: ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಸುಮ್ನೆ ಓಡುವಾಗ) ಶಾರ್ಟ್ ಟರ್ಮ್ ಟ್ರಿಮ್ +6, ಲಾಂಗ್ ಟರ್ಮ್ +19. 2500 ಆರ್‌ಪಿಎಂನಲ್ಲಿ ಎರಡೂ ಸೇರಿ +9. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ +4. ಐಡಲ್‌ನಲ್ಲಿ ಏರ್‌ಫ್ಲೋ ಸೆಕೆಂಡಿಗೆ 2.7 ಗ್ರಾಂ. ಹತ್ತು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಮಾಡಿ ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪೆಟ್ರೋಲ್ ಲೆಕ್ಕದ ಪಟ್ಟಿ) ಹಾಕಿದರೆ ಕೋಡ್ ಹೋಗುತ್ತೆ ಅಂತ ಟ್ಯೂನರ್ ಹೇಳುತ್ತಿದ್ದಾರೆ. ಹಾಕಿಸಲಾ?

ಉತ್ತರ: ಬೇಡ. ಹಾಕಿಸಿದರೆ ಕೋಡ್ ಹೋಗುತ್ತೆ, ಅದು ನಿಜ. ಕಾಯಿಲೆ ಮಾತ್ರ ಇದ್ದಲ್ಲೇ ಇರುತ್ತೆ, ಅದನ್ನು ಹೇಳುತ್ತಿದ್ದ ಒಂದೇ ಒಂದು ಲೈಟ್ ಕೂಡ ಆರಿ ಹೋಗುತ್ತೆ. ಲೆಕ್ಕ ಕೊನೆಯಲ್ಲಿ ಹೇಳ್ತೀನಿ.

ಮೊದಲು ಒಂದು ಮಾತು. ಅಂಕಿಗಳನ್ನು ಬರೆದು ಕಳಿಸಿದ್ದಕ್ಕೆ ಥ್ಯಾಂಕ್ಸ್. 'ಪಿ0171 ಬಂದಿದೆ, ಏನು ಬದಲಾಯಿಸಲಿ' ಅಂತ ಅಷ್ಟೇ ಕೇಳುವವರೇ ಜಾಸ್ತಿ. ಅಷ್ಟರಿಂದ ಯಾರೂ ಏನೂ ಹೇಳೋಕಾಗಲ್ಲ, ಹೇಳಿದರೆ ಅದು ಬರೀ ಊಹೆ.

ಈ ಕೋಡ್ ಹುಟ್ಟೋದು ಹೇಗೆ ನೋಡಿ. ಎಂಜಿನ್‌ಗೆ ಎಷ್ಟು ಗಾಳಿ ಹೋಗ್ತಿದೆ ಅಂತ ಏರ್‌ಫ್ಲೋ ಸೆನ್ಸರ್ ಹೇಳುತ್ತೆ. ಪೆಟ್ರೋಲ್‌ಗೆ ಸರಿಯಾದ ಪ್ರಮಾಣ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್, ತೂಕದ ಲೆಕ್ಕದಲ್ಲಿ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದಕ್ಕೆ ತಕ್ಕಂತೆ ಇಂಜೆಕ್ಟರ್ ತೆರೆಯುತ್ತೆ. ಉರಿದ ಮೇಲೆ ಹೊರಗೆ ಬರುವ ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಮುಂದಿನ ಸೆನ್ಸರ್ ನೋಡುತ್ತೆ. ಆಕ್ಸಿಜನ್ ಜಾಸ್ತಿ ಕಂಡರೆ 'ಪೆಟ್ರೋಲ್ ಸಾಲಲಿಲ್ಲ' ಅಂತ ಇಸಿಯು ತೀರ್ಮಾನ ಮಾಡಿ ಇನ್ನಷ್ಟು ಸುರಿಯುತ್ತೆ. ಹೀಗೆ ಸೇರಿಸಿದ ಅಥವಾ ಕಡಿಮೆ ಮಾಡಿದ ಪ್ರಮಾಣವೇ ಟ್ರಿಮ್, ಪರ್ಸೆಂಟ್ ಲೆಕ್ಕದಲ್ಲಿ. ಶಾರ್ಟ್ ಟರ್ಮ್ ಅಂದರೆ ಆ ಕ್ಷಣದ ತಿದ್ದುಪಡಿ, ಲಾಂಗ್ ಟರ್ಮ್ ಅಂದರೆ ಇಸಿಯು ಕಲಿತು ನೆನಪಿಟ್ಟುಕೊಂಡದ್ದು. ಪ್ಲಸ್ ಐದು ಅಥವಾ ಮೈನಸ್ ಐದರ ಒಳಗಿದ್ದರೆ ಆರಾಮ, ಹತ್ತರವರೆಗೂ ಹೇಗೋ ನಡೆಯುತ್ತೆ. ಎರಡೂ ಸೇರಿ ಇಪ್ಪತ್ತೈದರ ಹತ್ತಿರ ಹೋದರೆ ಬಹಳಷ್ಟು ಕಾರುಗಳಲ್ಲಿ ಲೈಟ್ ಹತ್ತುತ್ತೆ. ನಿಮ್ಮದು ಐಡಲ್‌ನಲ್ಲಿ ಸರಿಯಾಗಿ ಅಲ್ಲೇ ನಿಂತಿದೆ.

ಈಗ ಗಮನಿಸಿ, ಆ ಸೆನ್ಸರ್ ಪೆಟ್ರೋಲ್ ಅಳೆಯೋದೇ ಇಲ್ಲ. ಅದಕ್ಕೆ ಗೊತ್ತಿರೋದು ಆಕ್ಸಿಜನ್ ಮಾತ್ರ. ಆ ಆಕ್ಸಿಜನ್ ಸಿಲಿಂಡರ್ ಒಳಗಿಂದ ಬಂತೋ, ಎಕ್ಸಾಸ್ಟ್ ಪೈಪಿನ ಯಾವುದೋ ಸಂದಿಯಿಂದ ನುಗ್ಗಿತೋ, ಅದಕ್ಕೆ ಎರಡೂ ಒಂದೇ. ಕಂಪನಿಯಿಂದ ಬಂದ ಕಾರಿನಲ್ಲಿ ಆ ಪೈಪು ಬಿಗಿಯಾಗಿರುತ್ತೆ ಅಂತ ನಂಬಿ ಇಸಿಯು ಪ್ರೋಗ್ರಾಂ ಬರೆದಿರ್ತಾರೆ. ಹೆಡರ್ ಬದಲಾಯಿಸಿದ ದಿನವೇ ಆ ನಂಬಿಕೆಗೆ ಗ್ಯಾರಂಟಿ ಹೋಯಿತು. ಮಾರ್ಪಾಡು ಮಾಡಿದ ಕಾರಿಗೆ ಕೋಡ್ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ 'ಯಾವ ಪಾರ್ಟ್ ಕೆಟ್ಟಿದೆ' ಅಂತಲ್ಲ, 'ಇಸಿಯು ನಂಬಿಕೊಂಡಿದ್ದ ಯಾವ ವಿಷಯವನ್ನು ನಾವು ಬದಲಾಯಿಸಿದ್ದೀವಿ' ಅಂತ.

ನಿಮ್ಮ ಅಂಕಿಗಳನ್ನೇ ಹಿಡಿದು ಒಬ್ಬೊಬ್ಬರೇ ಆರೋಪಿಯನ್ನು ಬಿಡುಗಡೆ ಮಾಡೋಣ.

ಫ್ಯುಯೆಲ್ ಪಂಪ್, ಫಿಲ್ಟರ್ ತೊಂದರೆ ಇದ್ದಿದ್ದರೆ ಐಡಲ್‌ನಲ್ಲಿ ಟ್ರಿಮ್ ಚೆನ್ನಾಗಿದ್ದು, ಲೋಡ್ ಏರಿದಂತೆ ಮೇಲೆ ಹೋಗಬೇಕಿತ್ತು, ಯಾಕಂದ್ರೆ ಪೆಟ್ರೋಲ್ ಜಾಸ್ತಿ ಬೇಕಾದಾಗಲೇ ಬಡ ಪಂಪ್ ಸೋಲೋದು. ನಿಮ್ಮದು ಪೂರ್ತಿ ಉಲ್ಟಾ, 25ರಿಂದ 9ಕ್ಕೆ, 9ರಿಂದ 4ಕ್ಕೆ ಇಳಿದಿದೆ. ಪಂಪ್ ಬದಲಾಯಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಹಳೆ ಪಂಪ್ ಬಿಸಾಕಿಲ್ಲ ಅಂದ್ರೆ ಎತ್ತಿಡಿ, ಅದು ಚೆನ್ನಾಗಿಯೇ ಇರಬಹುದು.

ಏರ್‌ಫ್ಲೋ ಸೆನ್ಸರ್? ಮಾರ್ಪಾಡು ಕಾರುಗಳಲ್ಲಿ ಈ ಕೋಡ್‌ಗೆ ಇದು ದೊಡ್ಡ ಕಾರಣ, ಹಾಗಾಗಿ ಇದೇ ಕೋಡ್ ಹಿಡಿದು ಒದ್ದಾಡುತ್ತಿರುವ ಬೇರೆಯವರಿಗೋಸ್ಕರ ಸ್ವಲ್ಪ ಬಿಡಿಸಿ ಹೇಳ್ತೀನಿ. ಈ ಸೆನ್ಸರ್ ಪೂರ್ತಿ ಗಾಳಿಯನ್ನು ಅಳೆಯಲ್ಲ. ಕೊಳವೆಯ ಮಧ್ಯೆ ತನ್ನ ಪಕ್ಕದಲ್ಲಿ ಹಾದುಹೋಗುವ ಗಾಳಿಯನ್ನಷ್ಟೇ ನೋಡಿ, ಕೊಳವೆಯ ಅಗಲ ಇಷ್ಟು ಅಂತ ಇಟ್ಟುಕೊಂಡು ಗುಣಾಕಾರ ಮಾಡುತ್ತೆ. ಒಳವ್ಯಾಸ 70 ಮಿಲಿಮೀಟರ್ ಇದ್ದ ಕೊಳವೆ ತೆಗೆದು 76ರದ್ದು ಹಾಕಿ, ಹಳೆ ಸೆನ್ಸರನ್ನೇ ಅದರಲ್ಲಿ ಕೂರಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 18 ಪರ್ಸೆಂಟ್ ಹೆಚ್ಚಾಗುತ್ತೆ. ಇಸಿಯುಗೆ ಇದು ಗೊತ್ತಿಲ್ಲ. ಅಷ್ಟು ಗಾಳಿ ಲೆಕ್ಕಕ್ಕೆ ಸಿಗದೆ ಒಳಗೆ ಹೋಗುತ್ತೆ, ಟ್ರಿಮ್ ಹೆಚ್ಚುಕಡಿಮೆ 18ಕ್ಕೆ ಏರಿ ಐಡಲ್ ಇರಲಿ, ಹೈವೇ ಇರಲಿ, ಎಲ್ಲ ಕಡೆ ಅಲ್ಲೇ ಕೂರುತ್ತೆ. ಹೊಸ ಫಿಲ್ಟರ್‌ಗೆ ಎಣ್ಣೆ ಸವರುವ ತರದ್ದಾಗಿದ್ದು ಎಣ್ಣೆ ಕೈಮೀರಿದರೂ ಅದು ಸೆನ್ಸರ್ ತಂತಿಗೆ ಅಂಟಿ ಓದು ಕಡಿಮೆ ಬರಬಹುದು. ನಿಮ್ಮ ಕಾರಿನಲ್ಲಿ ಕೊಳವೆ ಹಳೆಯದೇ. ಹೈವೇಯಲ್ಲಿ ಟ್ರಿಮ್ ಬರೀ 4. ಐಡಲ್‌ನಲ್ಲಿ 2.7 ಗ್ರಾಂ ಅನ್ನೋದು ಬಿಸಿಯಾದ ಎರಡು ಲೀಟರ್ ಎಂಜಿನ್‌ಗೆ ಒಪ್ಪುವ ಅಂಕಿಯೇ. ಇದನ್ನೂ ಬಿಡೋಣ.

ಉಳಿದಿದ್ದು ಎರಡು. ಒಂದು, ಏರ್‌ಫ್ಲೋ ಸೆನ್ಸರ್ ದಾಟಿದ ಮೇಲೆ ಎಲ್ಲೋ ಹರಿದ ಹೋಸ್ ಅಥವಾ ಗ್ಯಾಸ್ಕೆಟ್ ಮೂಲಕ ಕಳ್ಳಗಾಳಿ ಒಳಗೆ ಹೋಗ್ತಿದೆ, ಮೆಕ್ಯಾನಿಕ್‌ಗಳು ವ್ಯಾಕ್ಯೂಮ್ ಲೀಕ್ ಅಂತಾರಲ್ಲ, ಅದು. ಇನ್ನೊಂದು, ಹೆಡರ್ ಹತ್ತಿರ, ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ, ಎಕ್ಸಾಸ್ಟ್ ಲೀಕ್. ತಮಾಷೆ ಅಂದ್ರೆ ಟ್ರಿಮ್ ಅಂಕಿಯಲ್ಲಿ ಇವೆರಡೂ ಅವಳಿ ಜವಳಿ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ವ್ಯಾಕ್ಯೂಮ್ ಲೀಕ್ ಕೂಡ ದೊಡ್ಡ ಪಾಲು. ಆರ್‌ಪಿಎಂ ಏರಿದರೆ ಆ ಪಾಲು ಕರಗುತ್ತೆ. ಎಕ್ಸಾಸ್ಟ್ ಕೂಡ ಹಾಗೇ. ಹೊಗೆ ಒಂದೇ ಸಮ ಹರಿಯಲ್ಲ, ತಳ್ಳಿ ತಳ್ಳಿ ಬರುತ್ತೆ. ಎರಡು ತಳ್ಳುಗಳ ಮಧ್ಯೆ ಪೈಪಿನೊಳಗೆ ಒತ್ತಡ ಕ್ಷಣಮಾತ್ರ ಹೊರಗಿನದಕ್ಕಿಂತ ಕೆಳಗಿಳಿದಾಗ ಸಂದಿಯಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ವೇಗ ಹೆಚ್ಚಿದಾಗ ಹೊಗೆಯ ಪ್ರಮಾಣವೂ ಹೆಚ್ಚು, ಎಳೆದುಕೊಂಡ ಗಾಳಿಯ ಪಾಲು ಲೆಕ್ಕಕ್ಕಿಲ್ಲ.

ಇವೆರಡನ್ನೂ ಬೇರೆ ಮಾಡೋದು ನಿಮ್ಮ ಪ್ಲಗ್. ವ್ಯಾಕ್ಯೂಮ್ ಲೀಕ್ ಆಗಿದ್ದರೆ ಒಳಗೆ ನಿಜವಾಗಿಯೂ ಗಾಳಿ ಹೆಚ್ಚಿತ್ತು, ಇಸಿಯು ಪೆಟ್ರೋಲ್ ಸೇರಿಸಿದ ಮೇಲೆ ಮಿಶ್ರಣ ಸರಿಹೋಗುತ್ತೆ, ಪ್ಲಗ್ ತಿಳಿ ಕಂದು ಬಣ್ಣಕ್ಕೇ ಇರುತ್ತೆ. ಎಕ್ಸಾಸ್ಟ್ ಲೀಕ್ ಆಗಿದ್ದರೆ ಮಿಶ್ರಣ ಮೊದಲೇ ಸರಿ ಇತ್ತು, ಇಸಿಯು ಸುಮ್ನೆ ಮೋಸಹೋಗಿ ಕಾಲು ಭಾಗ ಹೆಚ್ಚಿಗೆ ಸುರಿದಿದೆ. ಕಪ್ಪು ಮಸಿ, ಬಿದ್ದ ಮೈಲೇಜ್, ಪೆಟ್ರೋಲ್ ವಾಸನೆ ಮೂರೂ ಇದನ್ನೇ ಹೇಳ್ತಿವೆ. ನಿಮ್ಮ ಎಂಜಿನ್ ಲೀನ್ ಅಲ್ಲವೇ ಅಲ್ಲ, ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಆಕ್ಸಿಜನ್ ಸೆನ್ಸರ್ ಸುಳ್ಳು ಹೇಳಿಲ್ಲ, ಅದಕ್ಕೆ ಕಂಡಿದ್ದನ್ನೇ ಹೇಳಿದೆ. ಬದಲಾಯಿಸಿದ ಹೊಸದೂ ಅದನ್ನೇ ಹೇಳಿದ್ದು ಅದಕ್ಕೇ.

(ಪ್ಲಗ್ ಒಂದೇ ಒಂದು ಕಪ್ಪಗೆ, ಒದ್ದೆಯಾಗಿದ್ದು ಉಳಿದ ಮೂರು ಚೆನ್ನಾಗಿದ್ದಿದ್ದರೆ ಮಾತು ಬೇರೆ ಆಗ್ತಿತ್ತು. ಆಗ ಮಿಸ್‌ಫೈರ್, ಅಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯದಿರೋದನ್ನು ಹುಡುಕಬೇಕು. ಉರಿಯದೆ ಹೊರಬಿದ್ದ ಆಕ್ಸಿಜನ್ ಕೂಡ ಸೆನ್ಸರ್‌ಗೆ ಲೀನ್ ಅಂತಲೇ ಕಾಣುತ್ತೆ.)

ಹುಡುಕೋದು ಹೇಗೆ? ರಾತ್ರಿಯೆಲ್ಲಾ ತಣ್ಣಗಾದ ಕಾರನ್ನು ಬೆಳಿಗ್ಗೆ ಬಾನೆಟ್ ತೆಗೆದಿಟ್ಟು ಬಯಲಲ್ಲಿ ಸ್ಟಾರ್ಟ್ ಮಾಡಿ. ಮೊದಲ ನಿಮಿಷ ಹೆಡರ್ ಕಡೆಯಿಂದ ಟಿಕ್ ಟಿಕ್ ಅಂತ ಸದ್ದು ಬಂದು, ಬಿಸಿಯಾದಂತೆ ಕಡಿಮೆಯಾಗುತ್ತಾ ಬಂದರೆ ಅನುಮಾನ ಬಲವಾಯಿತು. ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತೆ. ಬಹಳ ಜನ ಇದನ್ನು ಟ್ಯಾಪೆಟ್ ಸದ್ದು ಅಂದುಕೊಂಡು ಬಿಟ್ಟುಬಿಡ್ತಾರೆ. ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಹೆಡರ್ ಫ್ಲಾಂಜ್‌ನ (ಎಂಜಿನ್‌ಗೆ ಬೋಲ್ಟ್ ಆಗುವ ಚಪ್ಪಟೆ ತಟ್ಟೆಯ) ಅಂಚು ನೋಡಿ, ಕನ್ನಡಿಯೂ ಬೇಕಾಗಬಹುದು. ಲೀಕ್ ಇರುವ ಕಡೆ ಗ್ಯಾಸ್ಕೆಟ್‌ನಿಂದ ಹೊರಗೆ ಬೀಸಣಿಗೆಯ ಆಕಾರದಲ್ಲಿ ಮಸಿಯ ಗೆರೆ ಇರುತ್ತೆ. ಕಾಣಲಿಲ್ಲ ಅಂದ್ರೆ ಗಾಳಿ ಊದುವ ವ್ಯಾಕ್ಯೂಮ್ ಕ್ಲೀನರ್ ತಗೊಂಡು ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಹಚ್ಚಿ, ಸಂದಿಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎಲ್ಲಿ ಎದ್ದಿತೋ ಅಲ್ಲೇ ಕಳ್ಳ. ಸೆನ್ಸರ್ ತಿರುಗಿಸಿ ಕೂರಿಸುವ ಜಾಗಕ್ಕೂ, ಹೆಡರ್‌ನ ಬೆಸುಗೆಗೂ ನೀರು ಹಾಕೋದು ಮರೀಬೇಡಿ. ಹೊಸ ಹೆಡರ್‌ನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಇರೋದು ಅಪರೂಪವೇನಲ್ಲ. ಇನ್‌ಟೇಕ್ ಕಡೆಗೂ ಒಂದು ಸ್ಮೋಕ್ ಟೆಸ್ಟ್ (ಹೊಗೆ ತುಂಬಿಸಿ ಎಲ್ಲಿ ಸೋರುತ್ತೆ ಅಂತ ನೋಡೋದು) ಮಾಡಿಸಿಬಿಡಿ, ಎರಡೂ ಲೀಕ್ ಒಟ್ಟಿಗೇ ಇರಬಾರದು ಅಂತೇನಿಲ್ಲವಲ್ಲ.

'ಸ್ವಲ್ಪ ದಿನ ಚೆನ್ನಾಗಿತ್ತು' ಅಂದಿರಿ. ನನ್ನ ಅನುಮಾನ ಹೆಡರ್ ಬೋಲ್ಟ್‌ಗಳ ಮೇಲೆ. ಹೊಸ ಗ್ಯಾಸ್ಕೆಟ್ ಹಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಅಮುಕಿಕೊಳ್ಳುತ್ತೆ, ಬೋಲ್ಟ್ ಸಡಿಲ ಆಗುತ್ತೆ. ತಯಾರಕರು ಹೇಳಿದ ಟಾರ್ಕ್‌ಗೆ ಮತ್ತೊಮ್ಮೆ ಬಿಗಿ ಮಾಡಬೇಕಿತ್ತು, ಆ ಕೆಲಸ ಬಹುತೇಕ ಯಾರೂ ಮಾಡಲ್ಲ. ಬಿಗಿ ಮಾಡಿದರೂ ನಿಲ್ಲದಿದ್ದರೆ ಹೆಡರ್ ಇಳಿಸಿ ಫ್ಲಾಂಜ್ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ನೋಡಿ, ಬಾಗಿದ್ದರೆ ಮಷಿನಿಂಗ್ ಮಾಡಿಸಿ, ಹೊಸ ಮೆಟಲ್ ಗ್ಯಾಸ್ಕೆಟ್ ಹಾಕಿ. ಸಿಕ್ಕ ಸಿಕ್ಕ ಸಿಲಿಕೋನ್ ಗಮ್ ಮೆತ್ತೋಕೆ ಹೋಗಬೇಡಿ. ಅದರ ಆವಿ ಆಕ್ಸಿಜನ್ ಸೆನ್ಸರನ್ನು ಹಾಳುಮಾಡುತ್ತೆ, ಆಮೇಲೆ ನಿಜವಾಗಿಯೂ ಸೆನ್ಸರ್ ಬದಲಾಯಿಸಬೇಕಾಗುತ್ತೆ.

ಈ ಕೆಲಸ ಮುಂದಕ್ಕೆ ಹಾಕಬೇಡಿ. ಬಾನೆಟ್ ಕೆಳಗೆ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ವೆಂಟ್ ಮೂಲಕ ಕಾರಿನೊಳಗೂ ಬರಬಹುದು. ಹೆಚ್ಚಿನ ಪೆಟ್ರೋಲ್ ಮತ್ತು ಹೊರಗಿನ ಗಾಳಿ ಎರಡೂ ಒಟ್ಟಿಗೇ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲೇ ಉರಿದು ಅದನ್ನು ಸುಡುತ್ತವೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ, ಆಯಿಲ್ ಪೆಟ್ರೋಲ್ ನಾತ ಹೊಡೆದರೆ ಲೀಕ್ ಸರಿಮಾಡಿದ ಮೇಲೆ ಆಯಿಲ್ ಕೂಡ ಬದಲಾಯಿಸಿ.

ಈಗ ಟ್ಯೂನರ್ ಲೆಕ್ಕ. ಇಸಿಯು ಈಗ ಮೂಲ ಪ್ರಮಾಣಕ್ಕೆ 25 ಪರ್ಸೆಂಟ್ ಸೇರಿಸುತ್ತಿದೆ, ಅಂದರೆ 1.25 ಪಟ್ಟು. ಮ್ಯಾಪ್‌ನಲ್ಲೇ ಹತ್ತು ಪರ್ಸೆಂಟ್ ಹೆಚ್ಚಿಸಿದರೆ ಬುಡವೇ 1.10 ಆಯಿತು. ಸೆನ್ಸರ್‌ನ ಹಟ ಬದಲಾಗಲ್ಲ, ಅದಕ್ಕೆ ಒಟ್ಟು 1.25 ಬೇಕೇ ಬೇಕು. 1.25 ಭಾಗಿಸು 1.10 ಅಂದರೆ ಸುಮಾರು 1.14. ಟ್ರಿಮ್ 25ರಿಂದ 14ಕ್ಕೆ ಇಳಿಯಿತು, ಲೈಟ್ ಆರಿತು, ಎಲ್ಲರಿಗೂ ಖುಷಿ. ಸಿಲಿಂಡರ್ ಒಳಗೆ ಬೀಳುವ ಪೆಟ್ರೋಲ್ ಮಾತ್ರ ಒಂದು ಹನಿಯೂ ಕಡಿಮೆ ಆಗಿಲ್ಲ. ಮೇಲಿಂದ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬಹುತೇಕ ಕಾರುಗಳು ಸೆನ್ಸರ್ ಮಾತು ಕೇಳೋದು ಬಿಟ್ಟು ಮ್ಯಾಪ್‌ನಂತೆ ನಡೀತವೆ. ಅಲ್ಲಿ ಆ ಹತ್ತು ಪರ್ಸೆಂಟ್ ಹಾಗೇ ಹೆಚ್ಚಿಗೆ ಬಿದ್ದು ಪವರ್ ಇನ್ನೂ ಇಳಿಯುತ್ತೆ. ಟ್ಯೂನಿಂಗ್ ಮಾಡಿಸಲೇಬೇಕು ಅಂದ್ರೆ ಲೀಕ್ ಮುಚ್ಚಿದ ಮೇಲೆ ಮಾಡಿಸಿ.

ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ಫೋಟೊ ತೆಗೆದಿಟ್ಟುಕೊಳ್ಳಿ. ಕೋಡ್ ಬಂದ ಕ್ಷಣದ ಆರ್‌ಪಿಎಂ, ಲೋಡ್, ಎಂಜಿನ್ ಬಿಸಿ ಎಲ್ಲ ಅದರಲ್ಲಿರುತ್ತೆ, ಅಳಿಸಿದರೆ ಅದೂ ಹೋಯಿತು. ರಿಪೇರಿ ಆದಮೇಲೆ ಐಡಲ್ ಟ್ರಿಮ್ ಐದರ ಆಸುಪಾಸಿಗೆ ಬರಬೇಕು. ಬರದಿದ್ದರೆ ಹೊಸ ಅಂಕಿಗಳನ್ನು ಕಳಿಸಿ, ಜೊತೆಗೆ ಹೆಡರ್‌ನಲ್ಲಿ ಸೆನ್ಸರ್ ಎಲ್ಲಿ ಕೂತಿದೆ ಅಂತ ಒಂದು ಫೋಟೊ. ಕೆಲವು ಹೆಡರ್‌ಗಳಲ್ಲಿ ಅದನ್ನು ನಾಲ್ಕು ಪೈಪೂ ಸೇರುವ ಜಾಗದಲ್ಲಿ ಇಡದೆ ಒಂದೇ ಪೈಪಿಗೆ ಕೊಟ್ಟಿರ್ತಾರೆ, ಆಗ ಒಂದು ಸಿಲಿಂಡರ್‌ನ ಮಾತನ್ನೇ ಇಸಿಯು ನಾಲ್ಕಕ್ಕೂ ಅನ್ವಯಿಸುತ್ತೆ.

ಪ್ರಶ್ನೆ: ಹಗುರವಾದ ಫ್ಲೈವೀಲ್ (ಎಂಜಿನ್ ಶಾಫ್ಟಿನ ತುದಿಯಲ್ಲಿ ತಿರುಗುವ ಚಕ್ರ) ಹಾಕಿಸಿದ ಮೇಲೆ ಪಿ0300 ಮಿಸ್‌ಫೈರ್ ಕೋಡ್ ಬರ್ತಿದೆ. ಎಂಜಿನ್ ಮಾತ್ರ ಬೆಣ್ಣೆಯಂತೆ ಓಡ್ತಿದೆ. ಕೋಡ್ ಸುಳ್ಳು ಅಂತ ಬಿಟ್ಟುಬಿಡಬಹುದಾ?

ಉತ್ತರ: ಸುಳ್ಳು ಇರಬಹುದು, ಆದರೆ ನೋಡದೆ ಬಿಡಬೇಡಿ. ಇಸಿಯು ಮಿಸ್‌ಫೈರ್ ಹಿಡಿಯೋದು ಸಾಮಾನ್ಯವಾಗಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ತಿರುಗುವ ವೇಗದ ಏರಿಳಿತ ನೋಡಿ. ಭಾರದ ಫ್ಲೈವೀಲ್ ಆ ಏರಿಳಿತವನ್ನು ನುಂಗಿಕೊಳ್ಳುತ್ತೆ, ಹಗುರವಾದದ್ದು ನುಂಗಲ್ಲ. ಕಂಪನಿಯ ಫ್ಲೈವೀಲ್‌ಗೆ ಅಂತ ಇಟ್ಟ ಮಿತಿಯನ್ನು ಸರಿಯಾದ ಎಂಜಿನ್ ಕೂಡ ದಾಟಿಬಿಡುತ್ತೆ. ಸ್ಕ್ಯಾನರ್‌ನಲ್ಲಿ ಸಿಲಿಂಡರ್‌ವಾರು ಎಣಿಕೆ ನೋಡಿ. ನಾಲ್ಕಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿದ್ದು, ಗೇರ್ ಇಳಿಸುವಾಗ, ಕಾಲು ಎತ್ತಿದಾಗ, ಹಾಳು ರಸ್ತೆಯಲ್ಲಿ ಮಾತ್ರ ಬರ್ತಿದ್ದರೆ ಅದು ಫ್ಲೈವೀಲ್‌ನದೇ ಆಟ ಇರಬಹುದು. ಕೆಲವು ಕಾರುಗಳಲ್ಲಿ ಕ್ರ್ಯಾಂಕ್ ಸೆನ್ಸರ್ ರೀಲರ್ನ್ (ಆ ಸೆನ್ಸರ್‌ನ ಓದನ್ನು ಇಸಿಯುಗೆ ಹೊಸದಾಗಿ ಕಲಿಸೋದು) ಅಂತ ಒಂದು ವಿಧಾನ ಇದೆ, ಮೊದಲು ಅದನ್ನು ಮಾಡಿಸಿ. ಆಮೇಲೂ ಬಂದರೆ ಟ್ಯೂನರ್ ಹತ್ತಿರ ಮಿತಿ ಸರಿಹೊಂದಿಸಿಕೊಳ್ಳಿ, ಮಿಸ್‌ಫೈರ್ ಪರೀಕ್ಷೆಯನ್ನೇ ಆಫ್ ಮಾಡಿಸಬೇಡಿ. ಓಡಿಸುವಾಗ ಲೈಟ್ ಮಿಣುಕಿದರೆ ತಕ್ಷಣ ಕಾಲು ಎತ್ತಿ, ಉರಿಯದ ಪೆಟ್ರೋಲ್ ಕನ್ವರ್ಟರ್‌ನಲ್ಲಿ ಉರಿದರೆ ಅದು ಕರಗಿಹೋಗುತ್ತೆ. ಎಣಿಕೆ ಎರಡನೇ ಸಿಲಿಂಡರ್‌ಗೇ ಜಾಸ್ತಿ ಇದ್ದರೆ, ಅದರ ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ ಹಾಕಿ, ಮೂರರದ್ದು ಎರಡಕ್ಕೆ. ಎಣಿಕೆಯೂ ಹಿಂದೆಯೇ ಮೂರಕ್ಕೆ ಹೋದರೆ ಕಾಯಿಲ್ ಹೋಗಿದೆ, ಫ್ಲೈವೀಲ್‌ಗೂ ಅದಕ್ಕೂ ಸಂಬಂಧವಿಲ್ಲ.