4294967297 ಅವಿಭಾಜ್ಯ ಅಲ್ಲ, 641ರಿಂದ ಭಾಗವಾಗುತ್ತದೆ

500ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿದೆ, ಯಾವುದೂ ಹೋಗಲಿಲ್ಲ, ಹಾಗಾದರೆ 4294967297 ಅವಿಭಾಜ್ಯವೇ ಅಂತ ಕೇಳಿದ್ದೀರಿ. ಅಲ್ಲ. ನೀವು ಇನ್ನು ಸ್ವಲ್ಪ ಮುಂದೆ ಹೋಗಿದ್ದರೆ ಸಿಕ್ಕೇ ಬಿಡುತ್ತಿತ್ತು:

4294967297 = 641 × 6700417

ನಿಮ್ಮ ಸಂಖ್ಯೆ 2³² + 1. ಇಂಥವುಗಳಲ್ಲಿ, ಅಂದರೆ 2ರ ಘಾತ 1, 2, 4, 8, 16 ಹೀಗೆ ದುಪ್ಪಟ್ಟಾಗುತ್ತಾ ಹೋಗಿ ಅದಕ್ಕೆ 1 ಕೂಡಿಸಿದಾಗ ಬರುವವುಗಳಲ್ಲಿ, 3, 5, 17, 257, 65537 ಅವಿಭಾಜ್ಯಗಳೇ. ಇದೂ ಹಾಗೇ ಇರಬೇಕು ಎಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದು ತಪ್ಪೆಂದು ತೋರಿಸಿದರು.

ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಹೋಗಬೇಕಿಲ್ಲ. ಇದರ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ ನೋಡಬೇಕಾದ್ದು 193, 257, 449, 577, 641 ಇಷ್ಟೇ. ಐದನೆಯದಕ್ಕೇ ಉತ್ತರ! ನನಗೆ ತುಂಬಾ ಇಷ್ಟವಾಗುವ ಜಾಗ ಇದು.

ದೊಡ್ಡ ಭಾಗಾಕಾರ ಮಾಡದೆಯೂ ಖಚಿತಪಡಿಸಿಕೊಳ್ಳಬಹುದು. 641 = 5 × 2⁷ + 1. ಅಂದರೆ 641ರ ಲೆಕ್ಕದಲ್ಲಿ (ಎರಡು ಸಂಖ್ಯೆಗಳ ವ್ಯತ್ಯಾಸ 641ರಿಂದ ಭಾಗವಾದರೆ ಅವನ್ನು ಸಮ ಎಂದುಕೊಳ್ಳೋಣ) 5 × 2⁷ ಎಂಬುದು −1ಕ್ಕೆ ಸಮ. ಎರಡೂ ಕಡೆ ನಾಲ್ಕನೇ ಘಾತ ತೆಗೆದುಕೊಳ್ಳಿ: 5⁴ × 2²⁸ ಎಂಬುದು 1ಕ್ಕೆ ಸಮ. ಇನ್ನೊಂದು ಕಡೆ 641 = 625 + 16, ಅಂದರೆ 5⁴ + 2⁴. ಹಾಗಾಗಿ 5⁴ ಇದ್ದಲ್ಲಿ −2⁴ ಹಾಕಬಹುದು. ಹಾಕಿದರೆ −2³² ಎಂಬುದು 1ಕ್ಕೆ ಸಮವಾಗುತ್ತದೆ. 2³² + 1ನ್ನು 641 ಶೇಷವಿಲ್ಲದೆ ಭಾಗಿಸುತ್ತದೆ ಅಂತಾಯಿತು, ಅಲ್ವಾ?

6700417 ಮತ್ತೆ ಒಡೆಯುವುದಿಲ್ಲ, ಅದು ಅವಿಭಾಜ್ಯ. ಆದ್ದರಿಂದ ನಿಮ್ಮ ಸಂಖ್ಯೆಗೆ ಒಟ್ಟು 4 ಅಪವರ್ತನಗಳು: 1, 641, 6700417 ಮತ್ತು ಅದೇ ಸಂಖ್ಯೆ.