ಈಚಿನ ಹಾರ್ಡ್‌ಕೋರ್, ಪಂಕ್ ಆಲ್ಬಂಗಳು: ಎಲ್ಲಿಂದ ಶುರು ಮಾಡಬೇಕು, ಹೇಗೆ ಕೇಳಬೇಕು

ಮೆಟಲ್ ಕೇಳಿ ಅಭ್ಯಾಸ ಇದೆ, ಪಂಕ್ ಅಂದ್ರೆ ರಾಮೋನ್ಸ್, ಸೆಕ್ಸ್ ಪಿಸ್ಟಲ್ಸ್ ಅಷ್ಟೇ ಗೊತ್ತು, ಈಚಿನ ನಾಲ್ಕೈದು ವರ್ಷದಲ್ಲಿ ಬಂದದ್ದರಲ್ಲಿ ಒಳ್ಳೇದು ಯಾವುದು, ಒಂದೆರಡು ಕೇಳಿ ನೋಡಿದೆ, ಬರೀ ಕಿರುಚಾಟ ಅನ್ನಿಸಿತು ಅಂತ ಕೇಳಿದ್ದೀರಿ. ಅದಕ್ಕೆ ಮೇಲಿನ ಕಾಮೆಂಟ್‌ಗಳಲ್ಲಿ ಹೆಸರುಗಳ ಮಳೆಯೇ ಸುರಿದಿದೆ. ಅಷ್ಟನ್ನೂ ಒಟ್ಟಿಗೆ ತಲೆಗೆ ಹಾಕ್ಕೊಂಡ್ರೆ ಹೊಸಬರು ಯಾರೂ ಉಳಿಯಲ್ಲ. ನಾನು ಕಡಿಮೆ ಹೆಸರು ಹೇಳ್ತೀನಿ, ಹೇಗೆ ಕೇಳಬೇಕು ಅನ್ನೋದನ್ನ ಸ್ವಲ್ಪ ಜಾಸ್ತಿ ಹೇಳ್ತೀನಿ.

ಮೆಟಲ್ ಕೇಳುವವರ ಕಿವಿ ಮೊದಲು ಗಿಟಾರ್ ಹುಡುಕುತ್ತೆ, ಆಮೇಲೆ ದನಿ. ಇಲ್ಲಿ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ, ಡ್ರಮ್ಸ್ ಹಿಡ್ಕೊಳ್ಳಿ. ಹಾರ್ಡ್‌ಕೋರ್ ಅಂದ್ರೆ ಪಂಕ್‌ನ ಇನ್ನೂ ವೇಗದ, ಒರಟು ಕವಲು; ಅದರ ಹಾಡಿಗೆ ಹೆಚ್ಚು ಕಡಿಮೆ ಮೂರು ಗೇರ್ ಇರುತ್ತೆ. ಓಡುವ ಭಾಗ ಒಂದು. ಅದರಲ್ಲಿ 80ರ ದಶಕದ ಶುರುವಿನ ಬ್ರಿಟಿಷ್ ಬ್ಯಾಂಡ್ ಡಿಸ್ಚಾರ್ಜ್‌ನಿಂದ ಬಂದ ಡಿ-ಬೀಟ್ ಅನ್ನೋ ಡ್ರಮ್ ತಾಳ ನಿಮಗೆ ಮತ್ತೆ ಮತ್ತೆ ಸಿಗುತ್ತೆ. ಎರಡನೇದು ಟೂ-ಸ್ಟೆಪ್ ಕುಣಿತ ಹಾಕೋಕೆ ಹೇಳಿ ಮಾಡಿಸಿದ ಮಧ್ಯಮ ನಡೆ. ಮೂರನೇದು ಬ್ರೇಕ್‌ಡೌನ್: ಡ್ರಮ್ಮರ್ ಇದ್ದಕ್ಕಿದ್ದಂತೆ ಸ್ನೇರ್ ಡ್ರಮ್ಮಿನ ಪೆಟ್ಟುಗಳನ್ನ ದೂರ ದೂರ ಹರಡ್ತಾನೆ, ಗಿಟಾರ್ ತಂತಿ ಅದುಮಿಕೊಂಡು ಅದರ ಜೊತೆಗೇ ಬಡಿಯುತ್ತೆ. ವೇದಿಕೆ ಮುಂದಿನ ಜನ ಯಾವಾಗ ಸುತ್ತ ಓಡಬೇಕು, ಯಾವಾಗ ಕೈಕಾಲು ಬೀಸಬೇಕು ಅನ್ನೋದೆಲ್ಲ ಈ ಬದಲಾವಣೆ ಮೇಲೇ ನಿಂತಿದೆ. ಗೇರ್ ಬದಲಾಗೋದು ಕಿವಿಗೆ ಗೊತ್ತಾಗೋಕೆ ಶುರುವಾದ್ರೆ ಕಿರುಚಾಟ ತಾನಾಗೇ ತನ್ನ ಜಾಗಕ್ಕೆ ಹೋಗಿ ಕೂತ್ಕೊಳ್ಳುತ್ತೆ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ಈಚಿನ ಒಳ್ಳೆ ಆಲ್ಬಂಗಳಲ್ಲಿ ಬಹುಪಾಲು ಹೊರಗಿಂದ ಏನನ್ನಾದ್ರೂ ಒಳಗೆ ತಂದಿವೆ. ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ರ‍್ಯಾಪ್, ತುತ್ತೂರಿ, ಕೊಳಲು ಕೂಡ. ಡ್ರಮ್ಸ್ ಜಾಗ ಬಿಟ್ಟುಕೊಡದೆ ಇರೋ ಕಡೆ ಅದು ನಿಲ್ಲುತ್ತೆ, ಬಿಟ್ಟುಕೊಟ್ಟ ಕಡೆ ಸಡಿಲ ಆಗುತ್ತೆ. ನನ್ನ ಅಳತೆಗೋಲು ಇಷ್ಟೇ.

ಶುರು ಮಾಡೋಕೆ ಬಾಲ್ಟಿಮೋರ್‌ನ ಟರ್ನ್‌ಸ್ಟೈಲ್, 2021ರ 'ಗ್ಲೋ ಆನ್'. ಮೇಲೆ ಒಬ್ಬರು "ಅದು ಹಾರ್ಡ್‌ಕೋರೇ ಅಲ್ಲ, ಪಾಪ್" ಅಂತ ಬರೆದಿದ್ದಾರೆ. ಗೌರವದಿಂದಲೇ ಹೇಳ್ತೀನಿ, ಆ ಜಗಳ ಹೊಸಬರಿಗೆ ಬೇಡ. ಮೊದಲ ಹಾಡು 'ಮಿಸ್ಟರಿ' ಮಿನುಗುವ ಸಿಂಥ್‌ನಿಂದ ಶುರುವಾಗುತ್ತೆ, ತಪ್ಪು ಆಲ್ಬಂ ಹಾಕಿದ್ನಾ ಅನ್ನಿಸುತ್ತೆ, ಅಷ್ಟರಲ್ಲಿ ಡ್ರಮ್ಸ್ ಬಂದು ಬೀಳುತ್ತೆ. 'ಬ್ಲ್ಯಾಕೌಟ್' ಹಾಡನ್ನ ಕೊನೇವರೆಗೂ ಕೇಳಿ, ಅಲ್ಲಿ ತಾಳವಾದ್ಯಗಳು ಮುಂದಕ್ಕೆ ಬಂದಾಗ ಗಿಟಾರ್ ಹೇಗೆ ಅವುಗಳ ಹಿಂದೆ ನಡೆಯುತ್ತೆ ಅಂತ ಗಮನಿಸಿ. ಗಾಯಕ ಬ್ಲಡ್ ಆರೆಂಜ್ ದನಿ ಕೊಟ್ಟಿರೋ 'ಏಲಿಯನ್ ಲವ್ ಕಾಲ್'ನಷ್ಟು ಮೆತ್ತಗಿನ ಹಾಡು ಕೂಡ ಇದರಲ್ಲಿದೆ. ಪ್ರೊಡ್ಯೂಸರ್ ಮೈಕ್ ಎಲಿಜಾಂಡೊ ಹಿಪ್‌ಹಾಪ್‌ನ ಡಾ. ಡ್ರೆ ಜೊತೆ ಕೆಲಸ ಮಾಡಿದವರು, ನಿಮ್ಮ ಮೆಟಲ್ ಕಡೆಯ ಮ್ಯಾಸ್ಟೊಡಾನ್‌ಗೂ 2011ರ 'ದ ಹಂಟರ್' ಮಾಡಿಕೊಟ್ಟವರು. ಬ್ಯಾಸ್ ಮತ್ತು ಡ್ರಮ್ಸ್ ಇಷ್ಟು ಬಿಡಿಬಿಡಿಯಾಗಿ ಕೇಳಿಸೋದಕ್ಕೆ ಅದೂ ಒಂದು ಕಾರಣ ಇರಬೇಕು. 15 ಹಾಡು, ಸುಮಾರು 35 ನಿಮಿಷ. 2025ರ 'ನೆವರ್ ಇನಫ್' ಹೆಚ್ಚು ಜನಕ್ಕೆ ತಲುಪಿದೆ, ಆದ್ರೆ ನನ್ನ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗೆ. 'ಲುಕ್ ಔಟ್ ಫಾರ್ ಮಿ' ಥರದ ಹಾಡು ಚೆನ್ನಾಗಿ ಓಡ್ತಾ ಇದ್ದು ಕೊನೆಗೆ ಕ್ಲಬ್ ಸಂಗೀತಕ್ಕೆ ಜಾರಿ ತುಂಬಾ ಹೊತ್ತು ಅಲ್ಲೇ ಉಳಿಯುತ್ತೆ. ಕೆಲವರಿಗೆ ಅದೇ ಇಷ್ಟ, ನನಗೆ ಅಲ್ಲಿ ಕೈ ಫೋನ್ ಕಡೆ ಹೋಗುತ್ತೆ.

ಮೆಟಲ್ ಕಿವಿಗೆ ಎರಡನೇದಾಗಿ ನಾಕ್ಡ್ ಲೂಸ್, ಕೆಂಟಕಿಯವರು. 2024ರ 'ಯು ವೋಂಟ್ ಗೋ ಬಿಫೋರ್ ಯು ಆರ್ ಸಪೋಸ್ಡ್ ಟು'. 10 ಹಾಡು, ಅರ್ಧ ಗಂಟೆಯೂ ಇಲ್ಲ. ಬ್ರಯಾನ್ ಗ್ಯಾರಿಸ್ ದನಿ ಬಹಳ ಮೇಲಿನ ಸ್ಥಾಯಿಯದು, ಕೆಲವರಿಗೆ ಮೊದಲ ದಿನ ಹಿಡಿಸಲ್ಲ. ಗಾಯಕಿ ಪಾಪಿ (Poppy) ಜೊತೆಗೆ ಹಾಡಿರೋ 'ಸಫೊಕೇಟ್'ನಲ್ಲಿ ಮೇಲೆ ಹೇಳಿದ ಪಾಠ ಪೂರ್ತಿ ಇದೆ: ಎಲ್ಲ ಕುಸಿದು ಬೀಳೋ ಬ್ರೇಕ್‌ಡೌನ್ ಬರುತ್ತೆ ಅಂತ ಕಾಯ್ತಾ ಇರ್ತೀರಿ, ಬರೋದು ರೆಗೆಟಾನ್, ಲ್ಯಾಟಿನ್ ಡ್ಯಾನ್ಸ್ ಸಂಗೀತದ ತಾಳ. ನಗು ಬರಬೇಕಿತ್ತು, ಬರಲ್ಲ, ಯಾಕಂದ್ರೆ ಪೆಟ್ಟಿನ ತೂಕ ಒಂದು ಗ್ರಾಂ ಕೂಡ ಕಡಿಮೆ ಆಗಿರಲ್ಲ.

ಈಗ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿರೋದು. ಫಿಲಡೆಲ್ಫಿಯಾದ ಸೋಲ್ ಗ್ಲೋ, 2022ರ 'ಡೈಸ್ಪೊರಾ ಪ್ರಾಬ್ಲಮ್ಸ್'. ಇದನ್ನ ಮೊದಲನೇದಾಗಿ ಹಾಕಬೇಡಿ, ಹಾಕಿದ್ರೆ ನೀವು ಮತ್ತೆ ಕಿರುಚಾಟ ಅಂತಲೇ ಬರೀತೀರಿ. ಪಿಯರ್ಸ್ ಜಾರ್ಡನ್ ಒಂದು ಸಾಲಿನಲ್ಲಿ ಎರಡು ಸಾಲಿನ ಮಾತು ತುರುಕ್ತಾರೆ, ಉಸಿರು ಎಲ್ಲಿ ತಗೋತಾರೆ ಅಂತಲೇ ತಿಳಿಯಲ್ಲ. ಅಮೆರಿಕದಲ್ಲಿ ಕಪ್ಪು ಜನರಾಗಿ ಬದುಕೋದು, ದುಡ್ಡಿನ ತಾಪತ್ರಯ, ಸುತ್ತಲಿನ ಬಿಳಿಯ ಪಂಕ್ ಮಂದಿಯ ಸೋಗು, ತಮ್ಮ ಮೇಲೇ ತಮಗಿರೋ ಅನುಮಾನ, ಎಲ್ಲವೂ ಒಂದೇ ಉಸಿರಿನಲ್ಲಿ. 'ಥಂಬ್‌ಸಕರ್'ನಲ್ಲಿ ತುತ್ತೂರಿಗಳು ನುಗ್ಗುತ್ತವೆ, 'ಡ್ರಿಪೊನಾಮಿಕ್ಸ್' ನೇರವಾಗಿ ಗಡುಸು ಹಿಪ್‌ಹಾಪ್. ರ‍್ಯಾಪ್ ಮತ್ತು ರಾಕ್ ಬೆರೆಸೋದು ಅಂದ್ರೆ 90ರ ದಶಕದ ಕೊನೆಯ ನು-ಮೆಟಲ್ ನೆನಪಾಗಿ ಮುಖ ಸಿಂಡರಿಸಬೇಡಿ. ಅಲ್ಲಿ ಬಹಳ ಸಲ ರ‍್ಯಾಪ್ ಮೇಲಿಂದ ಅಂಟಿಸಿದ್ದು, ಇಲ್ಲಿ ಮಾತಿನ ವೇಗವೂ ಡ್ರಮ್ಸ್ ವೇಗವೂ ಒಂದರ ಜೊತೆ ಒಂದು ಪೈಪೋಟಿಗೆ ಬಿದ್ದಿವೆ. ಸಾಹಿತ್ಯ ಮುಂದಿಟ್ಟುಕೊಂಡೇ ಕೇಳಿ, ಇಲ್ಲದಿದ್ರೆ ಅರ್ಧ ಆಲ್ಬಂ ಕೈಬಿಟ್ಟ ಹಾಗೆ.

ಸಮಯವೇ ಇಲ್ಲ ಅನ್ನೋ ದಿನಕ್ಕೆ ಮೈಂಡ್‌ಫೋರ್ಸ್‌ನ 'ನ್ಯೂ ಲಾರ್ಡ್ಸ್' (2022) ಅಥವಾ ಜೆಲ್‌ನ 'ಓನ್ಲಿ ಕಾನ್‌ಸ್ಟಂಟ್' (2023). ಎರಡೂ 20 ನಿಮಿಷ ದಾಟಲ್ಲ. ಮೈಂಡ್‌ಫೋರ್ಸ್‌ನಲ್ಲಿ ಥ್ರ್ಯಾಶ್ ಮೆಟಲ್‌ನ ಗಿಟಾರ್ ರಿಫ್ ಜಾಸ್ತಿ, ನಿಮಗೆ ಅದೇ ಹಿಡಿಸಬಹುದು. ಸಿಡ್ನಿಯ ಸ್ಪೀಡ್ ಬ್ಯಾಂಡ್‌ನ 'ಓನ್ಲಿ ಒನ್ ಮೋಡ್' (2024) ಕೂಡ ಇದೇ ಸಾಲಿನದು. ಕೊಳಲು ಅಂದೆನಲ್ಲ, ಅದು ಇವರ 'ದ ಫಸ್ಟ್ ಟೆಸ್ಟ್' ಹಾಡಿನಲ್ಲಿ. ನುಡಿಸೋದು ಗಾಯಕ ಜೆಮ್ ಸಿಯೋ ಅವರೇ.

ಕಿರುಚಾಟ ಎಷ್ಟು ಪ್ರಯತ್ನಪಟ್ರೂ ಆಗಲ್ಲ ಅನ್ನೋದಾದ್ರೆ ಹಾಡುವ ಕಡೆಗೆ ಬನ್ನಿ. ಲಂಡನ್ನಿನ ಹೈ ವಿಸ್, 2024ರ 'ಗೈಡೆಡ್ ಟೂರ್': ಹಾರ್ಡ್‌ಕೋರ್ ಹುಡುಗರೇ, ಆದ್ರೆ ಗಿಟಾರ್‌ನಲ್ಲಿ 80ರ ದಶಕದ ಪೋಸ್ಟ್-ಪಂಕ್ (ಪಂಕ್ ಆದಮೇಲಿನ ಮಬ್ಬು ಶೈಲಿ) ಮಂಜು. 'ಮೈಂಡ್ಸ್ ಎ ಲೈ' ಹಾಡು ಡ್ಯಾನ್ಸ್ ಸಂಗೀತದ ಹೆಣ್ಣುದನಿಯೊಂದನ್ನ ಸುತ್ತಿಕೊಂಡು ಹೋಗುತ್ತೆ. ಬಾಸ್ಟನ್ನಿನ ಫಿಡಲ್‌ಹೆಡ್, 2023ರ 'ಡೆತ್ ಈಸ್ ನಥಿಂಗ್ ಟು ಅಸ್'. ಪ್ಯಾಟ್ ಫ್ಲಿನ್ ಹಿಂದೆ ಹ್ಯಾವ್ ಹಾರ್ಟ್ ಬ್ಯಾಂಡ್‌ನಲ್ಲಿದ್ದವರು. ಅಪ್ಪ ತೀರಿಕೊಂಡ ದುಃಖದಿಂದ ಹುಟ್ಟಿದ ಬ್ಯಾಂಡ್ ಇದು, ಮೂರನೇ ಆಲ್ಬಂ ಹೊತ್ತಿಗೆ ಆ ದುಃಖದ ಜೊತೆ ಬದುಕೋದು ಹೇಗೆ ಅನ್ನೋ ಮಾತಿಗೆ ಬಂದಿದೆ. ಸ್ಕೌಲ್ ಬ್ಯಾಂಡ್ ಬಗ್ಗೆ ಮೇಲೆ ಜಗಳ ನಡೀತಿದೆ, 2025ರ 'ಆರ್ ವಿ ಆಲ್ ಏಂಜಲ್ಸ್' ಮಾರಾಟಕ್ಕೆ ಮಾಡಿದ್ದು ಅಂತ. 2021ರ 'ಹೌ ಫ್ಲವರ್ಸ್ ಗ್ರೋ' ನಡುವೆ 'ಸೀಡ್ಸ್ ಟು ಸೋ' ಅಂತ ಒಂದು ಹಾಡಿದೆ, ಪೂರ್ತಿ ಹಾಡುಗಾರಿಕೆ. ಆಗಲೇ ಎಲ್ಲಿಗೆ ಹೊರಟಿದ್ದಾರೆ ಅಂತ ಹೇಳಿಬಿಟ್ಟಿದ್ರು, ಯಾರೂ ಕೇಳಿಸಿಕೊಂಡಿಲ್ಲ ಅಷ್ಟೇ.

ಹಾರ್ಡ್‌ಕೋರ್ ಬೇಡ, ಪಂಕ್ ಸಾಕು ಅಂದ್ರೆ ಮೆಲ್ಬರ್ನ್‌ನ ಆ್ಯಮಿಲ್ ಆ್ಯಂಡ್ ದ ಸ್ನಿಫರ್ಸ್. 'ಕಂಫರ್ಟ್ ಟು ಮಿ' (2021) ಮೊದಲು, 'ಕಾರ್ಟೂನ್ ಡಾರ್ಕ್‌ನೆಸ್' (2024) ಆಮೇಲೆ. ಬ್ರೈಟನ್ನಿನ ಲ್ಯಾಂಬ್ರಿನಿ ಗರ್ಲ್ಸ್ 2025ರ ಜನವರಿಯಲ್ಲಿ ಬಿಟ್ಟ 'ಹೂ ಲೆಟ್ ದ ಡಾಗ್ಸ್ ಔಟ್' ಬಾಯಿಬಡುಕ ಆಲ್ಬಂ, ನಗಿಸ್ತಾನೇ ಕಪಾಳಕ್ಕೆ ಕೊಡುತ್ತೆ. ಮನೆಯಲ್ಲಿ ಸ್ಪೀಕರ್‌ನಲ್ಲಿ ಹಾಕೋ ಮುಂಚೆ ಯಾರಿದ್ದಾರೆ ನೋಡ್ಕೊಳ್ಳಿ.

ಕೇಳುವಾಗ ಶಫಲ್ ಬೇಡ. ಇವು ಒಂದೇ ಕೂರಿಕೆಗೆ ಅಂತ ಜೋಡಿಸಿದ ಆಲ್ಬಂಗಳು, ಹಾಡುಗಳ ನಡುವೆ ಗಿಟಾರ್ ಫೀಡ್‌ಬ್ಯಾಕ್ (ಆಂಪ್‌ನ ಕೀರಲು ದನಿ) ಕೂಡ ಎಷ್ಟೋ ಕಡೆ ಲೆಕ್ಕಾಚಾರದಿಂದ ಬಿಟ್ಟದ್ದು. ಫೋನಿನ ಸ್ಪೀಕರ್‌ನಲ್ಲಿ ಬ್ಯಾಸ್ ಸತ್ತುಹೋಗುತ್ತೆ, ಆಗ ನಿಜವಾಗಿಯೂ ಕಿರುಚಾಟ ಮಾತ್ರ ಉಳಿಯುತ್ತೆ. ನಿಮಗೆ ಆಗಿದ್ದು ಅದೇ ಅಂತ ನನ್ನ ಗುಮಾನಿ. ಹೆಡ್‌ಫೋನ್ ಹಾಕಿ, ಆದ್ರೆ ವಾಲ್ಯೂಮ್ ಎಂದಿಗಿಂತ ಒಂದೆರಡು ಹಂತ ಇಳಿಸಿ. ಈಗಿನ ಮಾಸ್ಟರಿಂಗ್ (ರೆಕಾರ್ಡಿಂಗ್‌ನ ಕೊನೆಯ ಹದ) ಮೊದಲೇ ಜೋರು, ಕಿವಿ ಬೇಗ ದಣಿಯುತ್ತೆ. ಆಲ್ಬಂ ಮಾರುವ ಬ್ಯಾಂಡ್‌ಕ್ಯಾಂಪ್ ವೆಬ್‌ಸೈಟ್‌ನಲ್ಲಿ ಈ ಥರದ ಎಷ್ಟೋ ಆಲ್ಬಂಗಳಿಗೆ ಸಾಹಿತ್ಯವೂ ಸಿಗುತ್ತೆ, ಅಲ್ಲೇ ಕೊಂಡ್ರೆ ಬ್ಯಾಂಡ್‌ಗೆ ಸ್ಟ್ರೀಮಿಂಗ್‌ಗಿಂತ ಹೆಚ್ಚು ದುಡ್ಡು ಸೇರುತ್ತೆ. ಯೂಟ್ಯೂಬಿನಲ್ಲಿ ಹೇಟ್‌ಫೈವ್‌ಸಿಕ್ಸ್ ಚಾನಲ್ ನೋಡಿ. ಫಿಲಡೆಲ್ಫಿಯಾದ ಸನ್ನಿ ಸಿಂಗ್ ವರ್ಷಗಟ್ಟಲೆಯಿಂದ ಹಾರ್ಡ್‌ಕೋರ್ ಕಾರ್ಯಕ್ರಮಗಳನ್ನ ಪೂರ್ತಿ ಚಿತ್ರೀಕರಿಸಿ ಹಾಕ್ತಿದ್ದಾರೆ. ಜನ ಮೈಕ್ ಮೇಲೆ ಮುಗಿಬಿದ್ದು ಹಾಡೋದನ್ನ ಒಮ್ಮೆ ನೋಡಿದ್ರೆ, ಆಲ್ಬಂನಲ್ಲಿ ಒಂದು ಸಾಲನ್ನ ಯಾಕೆ ಅಷ್ಟು ಸಲ ಹೇಳ್ತಾರೆ ಅಂತ ಅರ್ಥ ಆಗುತ್ತೆ.

ಫಕ್ಡ್ ಅಪ್ ಬ್ಯಾಂಡ್‌ನ 'ಒನ್ ಡೇ' (2023) ಬಗ್ಗೆ ಯಾರೋ ಕೇಳಿದ್ರು. ಹೌದು, ಬ್ಯಾಂಡಿನವರು ಒಬ್ಬೊಬ್ಬರೂ ತಮ್ಮ ಪಾಲನ್ನ 24 ಗಂಟೆಯೊಳಗೆ ಬರೆದು ರೆಕಾರ್ಡ್ ಮಾಡಿದ್ದು ನಿಜ. ಅದು ಗೊತ್ತಿಲ್ಲದೆ ಕೇಳಿದ್ರೂ ಚೆನ್ನಾಗಿದೆ.

ನೀವು 'ಗ್ಲೋ ಆನ್' ಮತ್ತು ನಾಕ್ಡ್ ಲೂಸ್ ಎರಡನ್ನ ಈ ವಾರ ಕೇಳಿ, ಯಾವುದು ಹಿಡಿಸಿತು ಅಂತ ಇಲ್ಲೇ ಬರೀರಿ. ಮೊದಲನೇದು ಅಂದ್ರೆ ಹೈ ವಿಸ್ ಕಡೆಯಿಂದ ಮುಂದಕ್ಕೆ ಹೋಗೋಣ, ಎರಡನೇದು ಅಂದ್ರೆ ಮೈಂಡ್‌ಫೋರ್ಸ್ ದಾರಿ. ಎರಡೂ ಆಗಲಿಲ್ಲ ಅಂದ್ರೂ ಬರೀರಿ, ಆಗ ಹಳೇ ಹಾರ್ಡ್‌ಕೋರ್ ಬ್ಯಾಂಡ್ ಬ್ಯಾಡ್ ಬ್ರೇನ್ಸ್‌ನ 1982ರ ಕ್ಯಾಸೆಟ್‌ನಿಂದ ಶುರು ಮಾಡೋಣ.